ಉಳುಮೆ ಯಂತ್ರಗಳ ಜೀರ್ಣೋದ್ಧಾರ

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ವಚನ, ದಾಸರ ಪದ, ಶಾಸನ, ಏಕೀಕರಣ ಇವುಗಳನ್ನು ಕುರಿತು ಮಾತನಾಡುವ ಸಮರ್ಥರು ನಮ್ಮ ಸಂಘದಲ್ಲಿ ಹಲವರಿದ್ದಾರೆ. ಹಳೆಯ ಟ್ರ್ಯಾಕ್ಟರುಗಳನ್ನು ಹುಡುಕಿ ತಂದು, ತುಕ್ಕು ಬಿಡಿಸಿ, ಮತ್ತೆ ನಡೆಯುವಂತೆ ಮಾಡುವವರ ವಿಷಯವನ್ನು ಹೇಳುತ್ತೇವೆಂದಾಗ ಕಾರ್ಯದರ್ಶಿಗಳು ಒಂದು ಕ್ಷಣ ನಮ್ಮ ಮುಖವನ್ನೇ ನೋಡಿದರು. ಆದರೆ ಇಲ್ಲಿ ಕುಳಿತವರಲ್ಲಿ ಬಹಳ ಮಂದಿ ಒಕ್ಕಲುತನದ ಮನೆಗಳಿಂದಲೇ ಬಂದವರು. ರಂಟೆ ಯಾವುದು, ಕುಂಟೆ ಯಾವುದು, ಕೂರಿಗೆ ಯಾವುದು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳಿಗೆ ಮಾತ್ರ ಹೇಳಬೇಕಾದೀತು. ಆ ಧೈರ್ಯದಿಂದಲೇ ಈ ಮಾತಿಗೆ ನಿಂತಿದ್ದೇವೆ. ನಾವು ಯಂತ್ರಶಾಸ್ತ್ರ ಕಲಿತವರಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಈ ವಿಷಯದಲ್ಲಿ ಲೆಕ್ಕ ಬರೆಯುವವನಿಗೂ ಕೆಲಸವುಂಟೆಂಬುದು ಮುಂದೆ ತಿಳಿದುಬರುತ್ತದೆ.

ಮೊದಲು ಯಂತ್ರದ ಹುಟ್ಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬಯಲು ಸೀಮೆಯಲ್ಲಿ ಗೋಧಿ ಒಕ್ಕುವುದಕ್ಕೆ ಉಗಿಯಂತ್ರಗಳು ಬಳಕೆಯಲ್ಲಿದ್ದವು. ಅವುಗಳಿಗೆ ದಿನವಿಡೀ ನೀರು ಹೊತ್ತು ಹಾಕಬೇಕು, ಉರುವಲು ತುಂಬಬೇಕು. ಹಸಿ ನೆಲಕ್ಕೆ ಇಳಿದರೆ ಹೂತುಹೋಗುತ್ತವೆ. ಕಿಡಿ ಹಾರಿದರೆ ಬಣವೆಗೇ ಬೆಂಕಿ. ಅಯೋವಾ ಪ್ರಾಂತದ ಜಾನ್ ಫ್ರೋಲಿಕ್ ಎಂಬುವರು ೧೮೯೨ರಲ್ಲಿ ಪೆಟ್ರೋಲಿನ ಎಂಜಿನ್ನೊಂದನ್ನು ಗಾಡಿಯ ಮೇಲೆ ಕೂರಿಸಿ, ಮುಂದಕ್ಕೂ ಹಿಂದಕ್ಕೂ ಚಲಿಸುವಂತೆ ಹಲ್ಲುಗಾಲಿಗಳನ್ನು ಜೋಡಿಸಿ, ಅದನ್ನು ದಕ್ಷಿಣ ಡಕೋಟಾಕ್ಕೆ ಒಯ್ದು ಒಂದು ಸುಗ್ಗಿಯೆಲ್ಲ ಒಕ್ಕಣೆ ಮಾಡಿ ತೋರಿಸಿದರು. ಯಂತ್ರ ಗೆದ್ದಿತು, ವ್ಯಾಪಾರ ಸೋತಿತು. ಅವರು ವಾಟರ್ಲೂ ಊರಿನವರೊಡನೆ ಕೂಡಿ ಕಟ್ಟಿದ ಕಂಪನಿ ಮಾರಿದ್ದು ಎರಡೇ ಟ್ರ್ಯಾಕ್ಟರು. ಕೊಂಡವರು ಎರಡನ್ನೂ ಹಿಂದಿರುಗಿಸಿದರು. ಕಂಪನಿಯು ಒಂದೆಡೆ ನಿಂತು ಕೆಲಸ ಮಾಡುವ ಎಂಜಿನ್ನುಗಳನ್ನು ಮಾರಿ ಜೀವ ಉಳಿಸಿಕೊಂಡು, ತರುವಾಯ ‘ವಾಟರ್ಲೂ ಬಾಯ್’ ಎಂಬ ಟ್ರ್ಯಾಕ್ಟರನ್ನು ಹೊರತಂದಿತು. ನೇಗಿಲು ತಯಾರಿಸುತ್ತಿದ್ದ ಜಾನ್ ಡೀರ್ ಕಂಪನಿಯವರು ೧೯೧೮ರಲ್ಲಿ ಅದನ್ನು ೨೩ ಲಕ್ಷ ೫೦ ಸಾವಿರ ಡಾಲರು ಕೊಟ್ಟು ಕೊಂಡರು. ನಮ್ಮಲ್ಲಿ ಕೆಲವರು ಅಹಮದನಗರದ ರಸ್ತೆಯಲ್ಲಿ ಸಣಸವಾಡಿಯನ್ನು ದಾಟುವಾಗ ಕಾಣುವ ಹಸಿರು ಟ್ರ್ಯಾಕ್ಟರಿನ ಕಾರ್ಖಾನೆ ಅದೇ ಮನೆತನದ್ದು.

‘ಟ್ರ್ಯಾಕ್ಟರ್’ ಎಂಬ ಶಬ್ದ ಬಾಯಿಂದ ಬಾಯಿಗೆ ಹರಡಿದ ಬಗೆಯೂ ಸ್ವಾರಸ್ಯವಾಗಿದೆ. ಹಾರ್ಟ್ ಮತ್ತು ಪಾರ್ ಎಂಬ ಇಬ್ಬರು ಸಹಪಾಠಿಗಳು ಅಯೋವಾದ ಚಾರ್ಲ್ಸ್ ಸಿಟಿಯಲ್ಲಿ ಕಾರ್ಖಾನೆ ತೆರೆದಿದ್ದರು. ಅವರ ಮಾರಾಟದ ಅಧಿಕಾರಿಗೆ ‘ಗ್ಯಾಸೊಲಿನ್ ಟ್ರ್ಯಾಕ್ಷನ್ ಎಂಜಿನ್’ ಎಂಬ ಹೆಸರು ಜಾಹೀರಾತಿಗೆ ಉದ್ದವಾಯಿತು. ಕತ್ತರಿಸಿ ಚಿಕ್ಕದು ಮಾಡಿದ. ಅವರು ೧೯೦೩ರಲ್ಲಿ ಕಟ್ಟಿದ ಮೂರನೆಯ ಯಂತ್ರ ಇಂದಿಗೂ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹದಲ್ಲಿದೆ.

ಹೊಸ ಪದಾರ್ಥ ಬಂದ ಕಡೆಗೆ ಮೋಸಗಾರರೂ ಬರುತ್ತಾರಷ್ಟೆ. ಹೆನ್ರಿ ಫೋರ್ಡರ ಕಾರು ಮನೆಮಾತಾಗಿದ್ದ ಕಾಲದಲ್ಲಿ ಮಿನಿಯಾಪೊಲಿಸಿನ ಕೆಲವರು ಫೋರ್ಡ್ ಎಂಬ ಅಡ್ಡಹೆಸರಿನ ಒಬ್ಬಾತನನ್ನು ಹುಡುಕಿ ತಮ್ಮೊಡನೆ ಸೇರಿಸಿಕೊಂಡು, ‘ಫೋರ್ಡ್ ಟ್ರ್ಯಾಕ್ಟರ್ ಕಂಪನಿ’ ಎಂಬ ಬೋರ್ಡು ಹಾಕಿದರು. ಹೆನ್ರಿ ಫೋರ್ಡರಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ನೆಬ್ರಾಸ್ಕಾದ ವಿಲ್ಮಟ್ ಕ್ರೋಜಿಯರ್ ಎಂಬ ರೈತರು ಆ ಟ್ರ್ಯಾಕ್ಟರನ್ನು ಕೊಂಡರು. ಅದು ಹೊಲದಲ್ಲಿ ನಡೆಯಲಿಲ್ಲ. ಬದಲಿಗೆ ಕೊಟ್ಟದ್ದೂ ನಡೆಯಲಿಲ್ಲ. ಮುಂದೆ ಅವರು ಶಾಸನಸಭೆಗೆ ಆರಿಸಿಬಂದು, ಪರೀಕ್ಷೆಯಾಗದ ಟ್ರ್ಯಾಕ್ಟರನ್ನು ಆ ಪ್ರಾಂತದಲ್ಲಿ ಮಾರಕೂಡದೆಂಬ ಕಾಯಿದೆಯನ್ನು ೧೯೧೯ರಲ್ಲಿ ಮಾಡಿಸಿದರು. ವಿಶ್ವವಿದ್ಯಾಲಯದವರು ಪ್ರತಿಯೊಂದು ಮಾದರಿಯನ್ನೂ ಎಳೆಸಿ, ಓಡಿಸಿ, ಎಣ್ಣೆ ಅಳೆದು, ಫಲಿತಾಂಶವನ್ನು ಅಚ್ಚು ಹಾಕಿಸಬೇಕು. ೧೯೨೦ರಲ್ಲಿ ಮೊಟ್ಟಮೊದಲು ಪರೀಕ್ಷೆ ಮುಗಿಸಿಕೊಂಡದ್ದು ವಾಟರ್ಲೂ ಬಾಯ್. ಅದರ ಮೈಮೇಲೆ ೧೨–೨೫ ಎಂದು ಬರೆದಿರುತ್ತದೆ: ನೇಗಿಲು ಎಳೆಯುವಾಗ ೧೨ ಅಶ್ವಶಕ್ತಿ, ಪಟ್ಟಾ ಹಾಕಿ ಒಕ್ಕುವ ಯಂತ್ರ ತಿರುಗಿಸುವಾಗ ೨೫. ಮೋಸ ಹೋದ ರೈತ ಕೋರ್ಟಿಗೆ ಹೋಗಿ ತನ್ನ ಹಣ ಮಾತ್ರ ವಸೂಲು ಮಾಡಬಹುದಿತ್ತು. ಈತ ಇಡೀ ವ್ಯಾಪಾರಕ್ಕೇ ಆಡಿಟ್ಟು ಹಚ್ಚಿದ. ನಾವು ಲೆಕ್ಕದ ಜನ, ಈ ಕಥೆ ಓದಿದಾಗ ಬಹಳ ಸಂತೋಷಪಟ್ಟೆವು. ಇಂದು ಹಳೆಯ ಟ್ರ್ಯಾಕ್ಟರನ್ನು ರಿಪೇರಿ ಮಾಡುವವರು ಎಂಜಿನ್ನಿನ ವೇಗವೆಷ್ಟಿರಬೇಕು, ಎಳೆತವೆಷ್ಟು ಬರಬೇಕು ಎಂದು ನೋಡುವುದು ಆ ಹಳೆಯ ವರದಿಗಳಲ್ಲಿಯೇ.

ಇಷ್ಟೊಂದು ತಯಾರಾದ ಯಂತ್ರಗಳು ಅಪರೂಪವಾದದ್ದು ಹೇಗೆ? ಫೋರ್ಡರ ಸ್ವಂತ ಟ್ರ್ಯಾಕ್ಟರಾದ ಫೋರ್ಡ್‌ಸನ್ ೧೯೧೭ರಿಂದ ೧೯೨೮ರ ವರೆಗೆ ಅಮೆರಿಕದಲ್ಲಿ ಏಳು ಲಕ್ಷಕ್ಕೂ ಮೀರಿ ತಯಾರಾಯಿತು. ಆದರೆ ಹಳೆಯ ಟ್ರ್ಯಾಕ್ಟರೆಂದರೆ ಒಳ್ಳೆಯ ಎರಕದ ಕಬ್ಬಿಣದ ರಾಶಿ. ಎರಡನೆಯ ಮಹಾಯುದ್ಧದಲ್ಲಿ ಸರ್ಕಾರಗಳು ಮೋಡಕಾ ಕಬ್ಬಿಣಕ್ಕಾಗಿ ಕೈಚಾಚಿದಾಗ ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಯಂತ್ರಗಳೆಲ್ಲ ಕುಲುಮೆಗೆ ಹೋದವು. ಉಳಿದವುಗಳೂ ಇದ್ದಂತೆ ಉಳಿಯಲಿಲ್ಲ. ೧೯೩೨ರಲ್ಲಿ ಗಾಳಿ ತುಂಬಿದ ರಬ್ಬರು ಟಾಯರಿನ ಟ್ರ್ಯಾಕ್ಟರು ಪೇಟೆಗೆ ಬಂದಿತು. ಅದರ ತರುವಾಯ ರೈತರು ಹಳೆಯ ಉಕ್ಕಿನ ಗಾಲಿಗಳ ಅಂಚನ್ನು ಕತ್ತರಿಸಿ, ರಬ್ಬರು ಟಾಯರು ಕೂರುವ ಬಳೆಗಳನ್ನು ಬೆಸುಗೆ ಹಾಕಿಸಿದರು. ಅದು ಅವರ ತಪ್ಪಲ್ಲ. ಹೊಲ ಉಳುವವನು ಸಂಗ್ರಹಾಲಯ ನಡೆಸುತ್ತಿರಲಿಲ್ಲ. ಹೀಗಾಗಿ ಇಂದು ಮೂಲದ ಉಕ್ಕಿನ ಗಾಲಿಯುಳ್ಳ ಯಂತ್ರ ಸಿಕ್ಕಿತೆಂದರೆ ಸಂಗ್ರಾಹಕರು ನೂರಾರು ಮೈಲು ಹೋಗುತ್ತಾರೆ. ಅಯೋವಾದ ಮೌಂಟ್ ಪ್ಲೆಸೆಂಟ್ ಎಂಬಲ್ಲಿ ೧೯೫೦ರಲ್ಲಿ ಹಳೆಯ ಒಕ್ಕಣೆಗಾರರು ತಮ್ಮ ಯಂತ್ರಗಳೊಡನೆ ಒಂದು ಕಡೆ ನೆರೆದರು. ಅದೇ ವಾರ್ಷಿಕ ಜಾತ್ರೆಯಾಗಿ ಬೆಳೆದಿದೆ. ನಮ್ಮ ಜಾತ್ರೆಗಳಲ್ಲಿ ಎತ್ತುಗಳನ್ನು ಸಿಂಗರಿಸಿ ತರುವಂತೆ ಅಲ್ಲಿ ಎಂಜಿನ್ನುಗಳನ್ನು ತರುತ್ತಾರೆ.

ಎತ್ತಿನ ಮಾತು ಬಂದದ್ದರಿಂದ ಹೇಳುತ್ತೇವೆ: ಈ ಯಂತ್ರಗಳಿಗೂ ಒಂದೊಂದಕ್ಕೆ ಒಂದೊಂದು ಹಟ. ಜರ್ಮನಿಯ ಮ್ಯಾನ್‌ಹೈಮಿನಲ್ಲಿ ಲಾಂಜ್ ಕಂಪನಿಯವರು ೧೯೨೧ರಲ್ಲಿ ಹೊರತಂದ ‘ಬುಲ್‌ಡಾಗ್’ ಎಂಬ ಟ್ರ್ಯಾಕ್ಟರಿಗೆ ಒಂದೇ ಸಿಲಿಂಡರು, ೧೨ ಅಶ್ವಶಕ್ತಿ. ಕಿಡಿ ಹಚ್ಚುವ ಸಲಕರಣೆಯೇ ಇಲ್ಲ. ಎಂಜಿನ್ನಿನ ತಲೆಯಲ್ಲಿರುವ ಕಬ್ಬಿಣದ ಬುರುಡೆಯನ್ನು ಬ್ಲೋ ಲ್ಯಾಂಪಿನಿಂದ ಚೆನ್ನಾಗಿ ಕಾಯಿಸಬೇಕು. ಆ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಮುಂದಿನ ಬುಲ್‌ಡಾಗುಗಳಲ್ಲಿ ಚಾಲಕನು ಸ್ಟಿಯರಿಂಗ್ ಚಕ್ರವನ್ನು ದಂಡಿನ ಸಮೇತ ಕಿತ್ತು, ಪಕ್ಕದ ಭಾರಚಕ್ರಕ್ಕೆ ಸಿಕ್ಕಿಸಿ, ತೊಟ್ಟಿಲು ತೂಗಿದಂತೆ ಹಿಂದೆ ಮುಂದೆ ತೂಗಬೇಕು. ಒಮ್ಮೊಮ್ಮೆ ಎಂಜಿನ್ನು ಉಲ್ಟಾ ದಿಕ್ಕಿಗೆ ಹೊರಟುಬಿಡುವುದುಂಟು. ಆಗ ಮುಂದಿನ ಗೇರು ಹಾಕಿದರೆ ಟ್ರ್ಯಾಕ್ಟರು ಹಿಂದಕ್ಕೆ ನಡೆಯುತ್ತದೆ! ಮೊದಲ ಮಾದರಿಗೆ ಹಿಂದಿನ ಗೇರೇ ಇರಲಿಲ್ಲವಾದ್ದರಿಂದ, ಹಿಂದೆ ಹೋಗಬೇಕಾದರೆ ಬೇಕೆಂದೇ ಎಂಜಿನ್ನನ್ನು ಉಲ್ಟಾ ತಿರುಗಿಸುತ್ತಿದ್ದರು. ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಎಂಬುದರ ಪರಿ ಇನ್ನೂ ಬೇರೆ. ಪೆಟ್ಲುಪ್ಪಿನಲ್ಲಿ ನೆನೆಸಿದ ಕಾಗದಕ್ಕೆ ಕಿಡಿ ಹಚ್ಚಿ ಸಿಲಿಂಡರಿನ ತಲೆಯಲ್ಲಿ ತಿರುಪಬೇಕು. ಬಂದೂಕಿನ ತೋಟೆಯಂಥದೊಂದನ್ನು ಪಕ್ಕದ ಗೂಡಿನಲ್ಲಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಢಂ ಎಂದು ಹಾರಿ ಎಂಜಿನ್ನು ತಿರುಗುತ್ತದೆ. ಎಮ್ಮೆ ಕರೆಯುವವರಿಗೆ ಅದರ ಸ್ವಭಾವ ಗೊತ್ತಿರುವಂತೆ ಇದನ್ನೆಲ್ಲ ಕೈ ತಿಳಿದಿರಬೇಕು. ಪುಸ್ತಕದಲ್ಲಿ ಬರೆದಿದೆ, ನಿಜ. ಆದರೆ ಬುರುಡೆ ಎಷ್ಟು ಕೆಂಪಾದರೆ ಸಾಕೆಂಬುದನ್ನು ತೋರಿಸಿಕೊಡುವ ಹಳೆಯ ಚಾಲಕರು ಕಡಿಮೆಯಾಗುತ್ತಿದ್ದಾರೆ. ಯಂತ್ರ ಉಳಿದು ಚಾಲಕ ಹೋದರೆ ಉಳಿದದ್ದು ಅರ್ಧವೇ.

ಇನ್ನು ಜೀರ್ಣೋದ್ಧಾರದ ಕೆಲಸ. ವರ್ಷಗಟ್ಟಲೆ ಮಳೆಯಲ್ಲಿ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ನು ಸಿಲಿಂಡರಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಹೊಸಬನು ಸುತ್ತಿಗೆ ಎತ್ತುತ್ತಾನೆ, ಪಿಸ್ಟನ್ನು ಒಡೆಯುತ್ತದೆ. ಅನುಭವಿಯು ತುಕ್ಕಿನ ಸಂದಿಗೆ ಇಳಿಯುವ ತೆಳ್ಳನೆಯ ಎಣ್ಣೆಯನ್ನು ಸುರಿದು ವಾರಗಟ್ಟಲೆ ಸುಮ್ಮನಿರುತ್ತಾನೆ; ದಿನಕ್ಕೊಮ್ಮೆ ಭಾರಚಕ್ರವನ್ನು ಅತ್ತಿತ್ತ ಅಲುಗಿಸಿ ನೋಡುತ್ತಾನೆ. ಒಂದು ದಿನ ಕೂದಲೆಳೆಯಷ್ಟು ಅಲುಗುತ್ತದೆ. ಆ ದಿನ ಆ ಮನೆಯಲ್ಲಿ ಹಬ್ಬ. ಶೀತ ದೇಶಗಳಲ್ಲಿ ಮತ್ತೊಂದು ಕಾಟವುಂಟು: ಎಂಜಿನ್ನಿನಲ್ಲಿ ಬಿಟ್ಟ ನೀರು ಹೆಪ್ಪುಗಟ್ಟಿ ಹಿಗ್ಗಿ, ಎರಕದ ಗೋಡೆಯನ್ನೇ ಸೀಳಿರುತ್ತದೆ. ಎರಕದ ಕಬ್ಬಿಣವನ್ನು ಬೆಸೆಯುವುದು ಕಷ್ಟ. ಒಂದೆಡೆ ಮಾತ್ರ ಕಾಯಿಸಿದರೆ ಪಕ್ಕದಲ್ಲಿ ಬಿರಿಯುತ್ತದೆ. ಆದ್ದರಿಂದ ಕೆಲವರು ಬೆಂಕಿಯ ಗೊಡವೆಯೇ ಇಲ್ಲದೆ, ಬಿರುಕಿನ ಉದ್ದಕ್ಕೂ ಸಾಲಾಗಿ ರಂಧ್ರ ಕೊರೆದು, ಲೋಹದ ತಿರುಪುಗಳನ್ನು ಒಂದಕ್ಕೊಂದು ತಾಗುವಂತೆ ಕೂರಿಸಿ, ಹರಿದ ಸೀರೆಗೆ ಹೊಲಿಗೆ ಹಾಕಿದಂತೆ ಹೊಲಿಯುತ್ತಾರೆ.

ಸಿಕ್ಕದ ಭಾಗವನ್ನು ಎರಕ ಹೊಯ್ಯಿಸಬೇಕು. ಕಟ್ಟಿಗೆಯಲ್ಲಿ ಮಾದರಿ ಕೆತ್ತಿ, ಮರಳಿನಲ್ಲಿ ಒತ್ತಿ, ಕಬ್ಬಿಣ ಸುರಿಯುತ್ತಾರೆ. ಕಬ್ಬಿಣ ಆರುವಾಗ ನೂರಕ್ಕೆ ಒಂದು ಪಾಲಿನಷ್ಟು ಕುಗ್ಗುವುದರಿಂದ ಕಟ್ಟಿಗೆಯ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಕೆತ್ತಬೇಕು. ಅದಕ್ಕಾಗಿ ಮಾದರಿ ಮಾಡುವ ಬಡಗಿಗಳ ಹತ್ತಿರ ಬೇರೆಯೇ ಅಳತೆಪಟ್ಟಿ ಇರುತ್ತದೆ. ಅದರ ಒಂದು ಅಡಿ ನಮ್ಮ ಒಂದು ಅಡಿಗಿಂತ ತುಸು ಉದ್ದ. ಬೇರಿಂಗುಗಳದೂ ನಾಜೂಕಾದ ಕೆಲಸ. ತವರ, ಆಂಟಿಮನಿ, ತಾಮ್ರ ಕೂಡಿದ ಮೆತ್ತನೆಯ ಬಿಳಿ ಲೋಹವನ್ನು ಕರಗಿಸಿ ದಂಡಿನ ಸುತ್ತ ಹೊಯ್ದು, ನೀಲಿ ಬಣ್ಣ ಸವರಿ ತಿರುಗಿಸಿ, ಬಣ್ಣ ಹತ್ತಿದ ಉಬ್ಬನ್ನು ಮಾತ್ರ ಹೆರೆಯುತ್ತಾರೆ. ಮತ್ತೆ ಸವರುವುದು, ಮತ್ತೆ ಹೆರೆಯುವುದು. ಅಕ್ಕಸಾಲಿಗನ ತಾಳ್ಮೆ ಬೇಕು, ಕಮ್ಮಾರನ ತೋಳು ಬೇಕು.

ಇಷ್ಟು ಆದಮೇಲೆ ಬಣ್ಣದ ಪ್ರಶ್ನೆ ಏಳುತ್ತದೆ. ಜಗಳವೆಲ್ಲ ಇಲ್ಲಿಯೇ. ಒಂದು ಪಕ್ಷದವರು ತುಕ್ಕನ್ನೆಲ್ಲ ಮರಳಿನಿಂದ ಉಜ್ಜಿಸಿ, ಕನ್ನಡಿಯಂಥ ಬಣ್ಣ ಬಳಿಯುತ್ತಾರೆ; ಕಾರ್ಖಾನೆಯಿಂದ ಹೊರಬಂದಾಗಲೂ ಅದು ಅಷ್ಟು ಹೊಳೆದಿರಲಿಲ್ಲ. ಮತ್ತೊಂದು ಪಕ್ಷದವರು ರೈತನ ಬೂಟು ಸವೆಸಿದ ಮೆಟ್ಟಿಲು, ಕೈ ಸವೆಸಿದ ಹಿಡಿ, ತಂತಿ ಕಟ್ಟಿ ಮಾಡಿದ ಹಳೆಯ ರಿಪೇರಿ ಇವೆಲ್ಲ ಯಂತ್ರದ ಚರಿತ್ರೆಯೇ ಎನ್ನುತ್ತಾರೆ. ಕೊಳೆ ತೊಳೆದು ಎಣ್ಣೆ ಸವರಿ ನಿಲ್ಲಿಸುತ್ತಾರೆ. ನಮ್ಮ ಊರುಗಳಲ್ಲಿ ಗುಡಿಯ ಜೀರ್ಣೋದ್ಧಾರವೆಂದು ಹೇಳಿ ಶಾಸನದ ಕಲ್ಲಿಗೆ ಸುಣ್ಣ ಬಳಿದುಬಿಟ್ಟದ್ದನ್ನು ನೋಡಿರುವ ನಾವು ಎರಡನೆಯ ಪಕ್ಷದವರು. ಭಕ್ತಿಯಲ್ಲಿ ಕೊರತೆಯಿಲ್ಲ, ಅಕ್ಷರ ಮಾತ್ರ ಹೋಯಿತು. ಬಣ್ಣವೂ ಒಂದು ಅಕ್ಷರವೇ. ಇಂಗ್ಲೆಂಡಿನಲ್ಲಿ ತಯಾರಾದ ಫೋರ್ಡ್‌ಸನ್ನುಗಳು ೧೯೩೭ರ ವರೆಗೆ ನೀಲಿ, ಬಳಿಕ ಕಿತ್ತಳೆ, ೧೯೪೦ರಿಂದ ಹಸಿರು. ಕಿತ್ತಳೆಯ ಟ್ರ್ಯಾಕ್ಟರು ಹೊಲದ ನಡುವೆ ಜರ್ಮನರ ವಿಮಾನಗಳಿಗೆ ಎದ್ದು ಕಾಣುತ್ತದೆಂದು ಹಸಿರು ಬಳಿದರೆಂದು ಹೇಳುತ್ತಾರೆ. ಅಂಥ ಯಂತ್ರವನ್ನು ಯಾರಾದರೂ ತಮಗೆ ಚೆಂದ ಕಂಡ ಬಣ್ಣದಿಂದ ಮುಚ್ಚಿದರೆ ಯುದ್ಧದ ಒಂದು ಪುಟವನ್ನೇ ಅಳಿಸಿದಂತಾಯಿತು. ಬಲ್ಲವರು ಹೆಸರಿನ ತಗಡನ್ನು ಬಿಚ್ಚಿ ಅದರ ಅಡಿಯಲ್ಲಿ ಉಳಿದಿರುವ ಮೂಲದ ಬಣ್ಣವನ್ನು ನೋಡಿಕೊಂಡು ಮುಂದುವರಿಯುತ್ತಾರೆ.

ಬಣ್ಣಕ್ಕಿಂತ ಮಿಗಿಲಾದದ್ದು ನಂಬರು. ಬ್ಯಾಂಕಿನಿಂದ ರೈತನಿಗೆ ಟ್ರ್ಯಾಕ್ಟರಿನ ಸಾಲ ಕೊಡುವಾಗ ಎಂಜಿನ್ನಿನ ನಂಬರು, ಚಾಸಿಯ ನಂಬರು ಇವೆರಡನ್ನೂ ಕಾಗದಪತ್ರದಲ್ಲಿ ಬರೆದುಕೊಳ್ಳುತ್ತೇವೆ. ಮೇಜಿನ ಮೇಲಿನ ಕೆಲಸಗಳಲ್ಲಿ ಇದಕ್ಕಿಂತ ನೀರಸವಾದದ್ದು ಇನ್ನೊಂದಿಲ್ಲ. ಆದರೆ ಐವತ್ತು ವರ್ಷದ ಮೇಲೆ ಸಂಗ್ರಾಹಕನು ಹುಡುಕುವುದು ಇದನ್ನೇ. ಅಪರೂಪದ ಮಾದರಿಗೆ ಬೆಲೆ ಬಂದೊಡನೆ ನಾಲ್ಕು ಮುರುಕು ಯಂತ್ರಗಳಿಂದ ಒಂದನ್ನು ಕಟ್ಟಿ, ಹಳೆಯ ತಗಡೊಂದನ್ನು ಹೊಡೆದು, ‘ಮೂಲದ್ದು’ ಎಂದು ಮಾರುವವರಿರುತ್ತಾರೆ. ಮಿನಿಯಾಪೊಲಿಸಿನ ಆ ಫೋರ್ಡಿನ ಸಂತತಿಯೆನ್ನಿ. ಆದರೆ ಎರಕದ ಮೈಮೇಲೆ ಹೊಯ್ದ ಕಾಲದ ಗುರುತುಗಳಿರುವುದುಂಟು. ತಗಡಿನ ನಂಬರಿಗೂ ಎರಕದ ಗುರುತಿಗೂ ತಾಳೆಯಾಗದಿದ್ದರೆ ಖಾತೆ ಸರಿಯಿಲ್ಲವೆಂದೇ ಅರ್ಥ. ಸಾಲ ತೀರಿದ ಮೇಲೆ ನಮ್ಮಲ್ಲಿ ಕಡತ ಮುಚ್ಚುತ್ತದೆ, ಅವಧಿ ಮುಗಿದ ಮೇಲೆ ಕಾಗದ ನಾಶವಾಗುತ್ತದೆ. ಅಲ್ಲಿಂದಾಚೆಗೆ ಆ ನಂಬರು ಉಳಿಯುವುದು ಕಬ್ಬಿಣದ ಮೇಲೆ ಮಾತ್ರ.

ಒಂದು ವಿಷಯದಲ್ಲಿ ಮಾತ್ರ ಮೂಲದಂತೆಯೇ ಇರಬೇಕೆಂಬ ವಾದಕ್ಕೆ ನಾವು ಒಪ್ಪುವುದಿಲ್ಲ. ಹಳೆಯ ಫೋರ್ಡ್‌ಸನ್ನಿನ ನೇಗಿಲು ಬೇರಿಗೋ ಬಂಡೆಗೋ ಸಿಕ್ಕಿಬಿದ್ದರೆ ಗಾಲಿ ನಿಂತು, ಮೂತಿ ಮೇಲಕ್ಕೆದ್ದು, ಇಡೀ ಟ್ರ್ಯಾಕ್ಟರು ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತಿತ್ತು. ಎಷ್ಟೋ ಮಂದಿ ಸತ್ತರು. ಐರ್ಲೆಂಡಿನ ಹ್ಯಾರಿ ಫರ್ಗುಸನ್ನರು ನೇಗಿಲನ್ನು ಮೂರು ತೋಳುಗಳಿಂದ ಟ್ರ್ಯಾಕ್ಟರಿಗೆ ಜೋಡಿಸುವ ಉಪಾಯ ಕಂಡುಹಿಡಿದರು. ನೇಗಿಲು ತಡೆದಾಗ ಮೇಲಿನ ತೋಳು ಮುಂದಕ್ಕೆ ಒತ್ತಿ ಮೂತಿಯನ್ನು ನೆಲಕ್ಕೆ ಅದುಮುತ್ತದೆ. ಅವರ ಬೂದು ಬಣ್ಣದ ಟಿಇ-೨೦ ಟ್ರ್ಯಾಕ್ಟರುಗಳು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ೧೯೪೬ರಿಂದ ೧೯೫೬ರ ವರೆಗೆ ೫,೧೭,೬೫೧ ತಯಾರಾದವು. ಎವರೆಸ್ಟ್ ಏರಿದ ಹಿಲೆರಿಯವರು ೧೯೫೮ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ್ದು ಪಟ್ಟಾ ಕಟ್ಟಿದ ಈ ಟ್ರ್ಯಾಕ್ಟರುಗಳ ಮೇಲೆಯೇ. ಆದರೆ ಪಕ್ಕಕ್ಕೆ ಮಗುಚುವುದನ್ನು ಮೂರು ತೋಳೂ ತಡೆಯಲಾರವು. ಚಾಲಕನ ತಲೆಯ ಮೇಲೆ ಉಕ್ಕಿನ ಚೌಕಟ್ಟಿರಬೇಕೆಂದು ಸ್ವೀಡನ್ ದೇಶದವರು ೧೯೫೯ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ಕಡ್ಡಾಯ ಮಾಡಿದರು, ಸಾವುಗಳು ಇಳಿದವು. ಹಳೆಯ ಯಂತ್ರಕ್ಕೆ ಚೌಕಟ್ಟು ಕಟ್ಟಿದರೆ ಅಂದ ಕೆಡುತ್ತದೆಂದು ಸಂಗ್ರಾಹಕರು ಗೊಣಗುತ್ತಾರೆ. ಹೊಸ ರಂಧ್ರ ಕೊರೆಯದೆ, ಇರುವ ಬೋಲ್ಟುಗಳಿಗೇ ಚೌಕಟ್ಟನ್ನು ಬಿಗಿದು, ಸೊಂಟಕ್ಕೆ ಪಟ್ಟಿ ಕಟ್ಟಿ ಉತ್ತು, ಪ್ರದರ್ಶನದ ದಿನ ಬಿಚ್ಚಿಡುವ ಜಾಣರೂ ಇದ್ದಾರೆ. ಅವರದೇ ಸರಿ.

ಇದೆಲ್ಲ ಪರದೇಶದ ಮಾತಾಯಿತು, ನಮಗೇನು ಎಂದು ಯಾರಾದರೂ ಕೇಳಬಹುದು. ಲಕ್ಷ್ಮಣರಾವ್ ಕಿರ್ಲೋಸ್ಕರರು ತಮ್ಮ ಉದ್ಯೋಗ ಆರಂಭಿಸಿದ್ದು ನಮ್ಮ ಬೆಳಗಾವಿಯಲ್ಲಿ. ಕಬ್ಬಿಣದ ನೇಗಿಲಿನಿಂದ ನೆಲ ವಿಷವಾಗುತ್ತದೆಂದು ರೈತರು ಮೊದಲು ಅದನ್ನು ಮುಟ್ಟಲೇ ಇಲ್ಲವೆಂಬುದು ಪುಣೆಯವರಿಗೆಲ್ಲ ಗೊತ್ತಿರುವ ಕಥೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕೇಂದ್ರ ಸರ್ಕಾರದವರು ಅಮೆರಿಕದ ಸೇನೆ ಬಿಟ್ಟುಹೋದ ಟ್ರ್ಯಾಕ್ಟರುಗಳಿಂದ ಮಧ್ಯಭಾರತದ ಕಡೆಗೆ ಆಳವಾಗಿ ಬೇರು ಬಿಟ್ಟಿದ್ದ ಕಾಸ ಹುಲ್ಲನ್ನು ಕೀಳಿಸತೊಡಗಿದರು. ಅದೇ ಕೆಲಸಕ್ಕೆ ೧೯೪೯ರಲ್ಲಿ ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರು ಸಾಲ ದೊರೆಯಿತು. ನಮ್ಮ ದೇಶದಲ್ಲಿಯೇ ತಯಾರಾದ ಮೊದಲ ಟ್ರ್ಯಾಕ್ಟರು ಐಷರ್, ೧೯೫೯ರಲ್ಲಿ ಫರಿದಾಬಾದಿನಿಂದ ಬಂದಿತು. ಮರುವರ್ಷ ಮದರಾಸಿನಲ್ಲಿ ಟಾಫೆ ಹುಟ್ಟಿತು. ಫರ್ಗುಸನ್ನರ ಆ ಮೂರು ತೋಳುಗಳು ಅದರ ಮೂಲಕ ನಮ್ಮ ಎರೆಭೂಮಿಗೂ ಇಳಿದವು. ೧೯೭೧ರಿಂದ ಪಿಂಜೋರಿನಲ್ಲಿ ನಮ್ಮ ಬೆಂಗಳೂರಿನ ಎಚ್.ಎಂ.ಟಿ.ಯವರು ಟ್ರ್ಯಾಕ್ಟರು ಮಾಡಿದರು. ಆ ಘಟಕವನ್ನು ಮುಚ್ಚಲು ೨೦೧೬ರಲ್ಲಿ ಸರ್ಕಾರ ತೀರ್ಮಾನಿಸಿತು. ಎಚ್.ಎಂ.ಟಿ. ಗಡಿಯಾರವನ್ನು ತಂದೆಯ ನೆನಪೆಂದು ಕಪಾಟಿನಲ್ಲಿಟ್ಟವರು ಈ ಸಭೆಯಲ್ಲೇ ಹತ್ತು ಜನ ಸಿಗುತ್ತಾರೆ. ಟ್ರ್ಯಾಕ್ಟರನ್ನು ಕಪಾಟಿನಲ್ಲಿಡುವಂತಿಲ್ಲ. ಹೊಸದು ಕೊಳ್ಳುವಾಗ ಹಳೆಯದನ್ನು ವಿನಿಮಯಕ್ಕೆ ಕೊಡುತ್ತಾರೆ, ಅಥವಾ ಗುಜರಿಯವನು ತೂಕ ಹಾಕಿ ಒಯ್ಯುತ್ತಾನೆ. ಅಮೆರಿಕದಲ್ಲಿ ಯುದ್ಧದ ಕಾಲದಲ್ಲಿ ಆದದ್ದು ನಮ್ಮಲ್ಲಿ ಯಾವ ಯುದ್ಧವೂ ಇಲ್ಲದೆ ಆಗುತ್ತಿದೆ.

ಎಲ್ಲರೂ ಟ್ರ್ಯಾಕ್ಟರು ತಂದು ಸಾಕಿರೆಂದು ನಾವು ಹೇಳುವುದಿಲ್ಲ. ಎರಡು ಕೋಣೆಯ ಮನೆಯಲ್ಲಿರುವ ನಾವು ಅದನ್ನೆಲ್ಲಿ ನಿಲ್ಲಿಸೋಣ? ಆದರೆ ದೀಪಾವಳಿಗೋ ಕಾರಹುಣ್ಣಿಮೆಗೋ ಊರಿಗೆ ಹೋಗುತ್ತೀರಿ. ದೊಡ್ಡಪ್ಪನ ಕೊಟ್ಟಿಗೆಯ ಹಿಂದೆ ಅಂಥದೊಂದು ನಿಂತಿದ್ದರೆ ಗುಜರಿಯವನಿಗಿಂತ ಮೊದಲು ನೀವು ಅದರ ಹತ್ತಿರ ಹೋಗಿರಿ. ಯಾವ ವರ್ಷ ಕೊಂಡದ್ದು, ಯಾರಿಂದ, ಎಷ್ಟು ಕೊಟ್ಟು, ಮೊದಲು ಉತ್ತದ್ದು ಯಾವ ಹೊಲ ಎಂದು ದೊಡ್ಡಪ್ಪನನ್ನು ಕೇಳಿ ಬರೆದುಕೊಳ್ಳಿರಿ. ಹೇಗೆ ಚಾಲೂ ಮಾಡುತ್ತಿದ್ದರೆಂದು ಅವರ ಬಾಯಿಂದಲೇ ಕೇಳಿರಿ. ನಾಲ್ಕೂ ಕಡೆಯಿಂದ ಒಂದೊಂದು ಚಿತ್ರ ತೆಗೆಯಿರಿ. ನಂಬರಿನ ತಗಡು ಟಿಇ-೨೦ರಂಥವುಗಳಲ್ಲಿ ಚಾಲಕನ ಎದುರಿನ ಹಲಗೆಯ ಮೇಲಿರುತ್ತದೆ. ಅದು ಬಿದ್ದುಹೋಗಿದ್ದರೆ ಎಂಜಿನ್ನಿನ ಎರಕದ ಮೇಲೆ ಒತ್ತಿದ ಅಂಕಿಗಳನ್ನು ಹುಡುಕಬೇಕು. ತಂತಿಯ ಬ್ರಷ್ಷು ಹಾಕಿ ಉಜ್ಜಬೇಡಿರಿ, ಅಂಚು ಸವೆಯುತ್ತದೆ. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡಡ್ಡ ತಿಕ್ಕಿದರೆ ತಗ್ಗಿನಲ್ಲಿರುವ ಅಂಕಿಗಳು ಕಪ್ಪಾಗಿಯೇ ಉಳಿದು ಓದಲು ಬರುತ್ತವೆ.